ಪೈಪೋಟಿ ತಾನಾಗೇ ಹುಟ್ಟಲ್ಲ, ಯಾರೋ ಬಾಗಿಲು ತೆಗೆದಿರ್ತಾರೆ

ಸ್ವಲ್ಪ ಉದ್ದದ ಪೋಸ್ಟ್. ಬಿಡುವಿದ್ದಾಗ ಓದಿ, ಆದ್ರೆ ಪೂರ್ತಿ ಓದಿ. ನಾಲ್ಕು ಸಾಲು ಓದಿ ಕಮೆಂಟ್ ಹಾಕೋರಿಗೆ ನಾನು ಉತ್ತರ ಕೊಡಲ್ಲ.

ಹೋದ ವಾರ ಆಫೀಸಲ್ಲಿ ಊಟದ ಹೊತ್ತಿಗೆ ಗುತ್ತಿಗೆ ಮೀಸಲಾತಿ ಮಾತು ಬಂತು. ಕರ್ನಾಟಕದಲ್ಲಿ ಸರ್ಕಾರಿ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿ ಗುತ್ತಿಗೆದಾರರಿಗೆ ಶೇ 17.15, ಪಂಗಡದವರಿಗೆ ಶೇ 6.95 ಮೀಸಲು ಇದೆ. 2023ರಲ್ಲಿ ಇದರ ಮಿತಿಯನ್ನ 50 ಲಕ್ಷದಿಂದ 1 ಕೋಟಿಗೆ ಏರಿಸಿದ್ರು. ಅವತ್ತಿಂದ ನಮ್ಮ ಆಫೀಸಿನ ಒಬ್ಬ ಹಿರಿಯರಿಗೆ ಊಟ ಸರಿಯಾಗಿ ಇಳೀತಿಲ್ಲ. ಮೊಸರನ್ನ ಕಲಸ್ತಾ ಹೇಳಿದ್ರು: "ಎಲ್ಲದಕ್ಕೂ ಮೀಸಲಾತಿ ಅಂದ್ರೆ ದೇಶ ಉದ್ಧಾರ ಆಗಲ್ಲ ಕಣ್ರೀ. ಆ ಐಟಿ ಕಂಪನಿಗಳನ್ನ ನೋಡಿ ಕಲೀಬೇಕು. ಅಲ್ಲಿ ಬರೀ ಪೈಪೋಟಿ. ಪ್ರತಿಭೆ ಇದ್ದೋನು ಉಳೀತಾನೆ, ಇಲ್ದೋನು ಮನೆಗೆ ಹೋಗ್ತಾನೆ. ಯಾರೂ ಯಾರಿಗೂ ಕೈ ಹಿಡಿಯಲ್ಲ."

ನಾನು ಸುಮ್ಮನೆ ಡಬ್ಬಿ ಮುಚ್ಚಿದೆ. ಹೆದರಿ ಅಲ್ಲ. ಅದೇ ವಾರ ನನ್ನ ಟೇಬಲ್ ಮೇಲೆ ಒಂದು ಫೈಲ್ ಇತ್ತು. ಆಫೀಸಿಗೆ ರೂಟರ್, ಸ್ವಿಚ್ ಖರೀದಿ ಮಾಡೋ ಫೈಲ್. ಅದನ್ನ ತಿರುವಿ ಹಾಕ್ತಾ ಇದ್ದವನಿಗೆ ಅವರ ಮಾತು ಬೇರೆ ಥರ ಕೇಳಿಸ್ತು. ಸರಿ, ಐಟಿ ಕಂಪನಿಗಳನ್ನೇ ನೋಡಿ ಕಲಿಯೋಣ ಅಂತ ಕೂತೆ. ರಾತ್ರಿ ಹೊತ್ತು ಓದಿದೆ. ಗೊತ್ತಾಗದ ಕಡೆ ನಮ್ಮ ಅಕ್ಕನ ಮಗನಿಗೆ ಫೋನ್ ಮಾಡಿ ತಲೆ ತಿಂದೆ. ಅವನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ ಒಂದು ಕಡೆ ನೆಟ್‌ವರ್ಕ್ ರೂಮಲ್ಲಿ ಗುತ್ತಿಗೆ ನೌಕರ. ಆ ಹಿರಿಯರು ಕಳಿಸೋ ಗುಡ್ ಮಾರ್ನಿಂಗ್ ಮೆಸೇಜು ಹಾದು ಹೋಗುತ್ತಲ್ಲ, ಆ ದೊಡ್ಡ ದೊಡ್ಡ ಯಂತ್ರಗಳ ಕಥೆ ಇದು.

ಮೊದಲು ಈ ಯಂತ್ರ ಏನು ಅಂತ ನನ್ನಂಥ ಬಿ.ಎ. ಓದಿದವರಿಗೆ ಅರ್ಥ ಆಗೋ ಹಾಗೆ ಹೇಳ್ತೀನಿ. ನಮ್ಮ ಮನೆ ಗೋಡೆ ಮೇಲೆ ದೀಪ ಮಿಣಮಿಣ ಅನ್ನಿಸ್ತಾ ಕೂತಿರೋ ಡಬ್ಬಿಯೂ ರೂಟರೇ. ಆದ್ರೆ ಅದು ಹಳ್ಳಿ ಅಂಚೆಯಣ್ಣ ಇದ್ದ ಹಾಗೆ. ನಾನು ಹೇಳ್ತಿರೋದು ರೈಲ್ವೆ ಮೇಲ್ ಸರ್ವಿಸಿನ ದೊಡ್ಡ ಸಾರ್ಟಿಂಗ್ ಆಫೀಸಿನಂಥದ್ದು. ಇದನ್ನ ಕೋರ್ ರೂಟರ್ ಅಂತಾರೆ. ಆಳೆತ್ತರದ ಬೀರು, ಲಕ್ಷಗಟ್ಟಲೆಯಿಂದ ಕೋಟಿಗಟ್ಟಲೆ ಬೆಲೆ. ನಾವು ಕಳಿಸೋ ಫೋಟೊ, ಮಾತು, ದುಡ್ಡು ಎಲ್ಲಾ ಸಣ್ಣ ಸಣ್ಣ ಲಕೋಟೆಗಳಾಗಿ ಬರುತ್ತೆ. ಅದಕ್ಕೆ ಪ್ಯಾಕೆಟ್ ಅಂತ ಹೆಸರು. ಪ್ರತಿ ಲಕೋಟೆ ಮೇಲಿನ ವಿಳಾಸ ನೋಡಿ ಯಾವ ದಾರಿಗೆ ಎಸೀಬೇಕು ಅಂತ ಈ ಯಂತ್ರ ನಿರ್ಧಾರ ಮಾಡುತ್ತೆ. ಇಡೀ ಪ್ರಪಂಚದ ವಿಳಾಸದ ಪಟ್ಟಿ ಅದರ ಹತ್ರ ಇರಬೇಕು. 1998ರ ಸುಮಾರಿಗೆ ಆ ಪಟ್ಟಿಯಲ್ಲಿ 50 ಸಾವಿರದಷ್ಟು ದಾರಿಗಳಿದ್ವು. ಈಗ 10 ಲಕ್ಷದ ಹತ್ರ ಇದೆ.

ಈ ಯಂತ್ರ ಮಾಡೋರಲ್ಲಿ ದೊಡ್ಡ ಹೆಸರು ಸಿಸ್ಕೋ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡ್ತಿದ್ದ ಲಿಯೊನಾರ್ಡ್ ಬೊಸಾಕ್, ಸ್ಯಾಂಡಿ ಲರ್ನರ್ ದಂಪತಿ 1984ರಲ್ಲಿ ಶುರು ಮಾಡಿದ ಕಂಪನಿ. ಇಲ್ಲೇ ಒಂದು ವಿಷಯ ಗಮನಿಸಿ. ಅವರ ಮೊದಲ ರೂಟರಿನ ಮೂಲ ತಂತ್ರಾಂಶ ಬರೆದದ್ದು ಅದೇ ವಿಶ್ವವಿದ್ಯಾಲಯದ ಬಿಲ್ ಯೇಗರ್ ಅನ್ನೋ ಎಂಜಿನಿಯರ್. ವಿಶ್ವವಿದ್ಯಾಲಯ ಅದಕ್ಕೆ ಲೈಸೆನ್ಸ್ ಕೊಟ್ಟಿದ್ದು ಆಮೇಲೆ, 1987ರಲ್ಲಿ. ಅಂದ್ರೆ "ಯಾರೂ ಕೈ ಹಿಡಿಯದೆ" ಬೆಳೆದ ಕಂಪನಿಯ ಅಡಿಪಾಯದಲ್ಲೇ ಒಂದು ಸಂಸ್ಥೆಯ ಕೈ ಇದೆ, ಇನ್ನೊಬ್ಬರ ದುಡಿಮೆ ಇದೆ.

1990ರ ದಶಕದಲ್ಲಿ ಇಂಟರ್‌ನೆಟ್ ಹುಚ್ಚೆದ್ದು ಬೆಳೀತು. ಬೆನ್ನೆಲುಬಿನ ಯಂತ್ರಗಳಲ್ಲಿ ಬಹುಪಾಲು ಸಿಸ್ಕೋದವೇ. 2000ದ ಮಾರ್ಚಲ್ಲಿ ಸ್ವಲ್ಪ ದಿನ ಆ ಕಂಪನಿ ಷೇರು ಮೌಲ್ಯದಲ್ಲಿ ಇಡೀ ಪ್ರಪಂಚಕ್ಕೇ ಮೊದಲ ಸ್ಥಾನದಲ್ಲಿತ್ತು. ಅಂಥ ಆನೆ ಎದುರಿಗೆ 1996ರಲ್ಲಿ ಒಂದು ಹೊಸ ಕಂಪನಿ ಹುಟ್ತು. ಹೆಸರು ಜುನಿಪರ್. ಸ್ಥಾಪಕ ಪ್ರದೀಪ್ ಸಿಂಧು, ಐಐಟಿ ಕಾನ್ಪುರದಲ್ಲಿ ಓದಿ ಅಮೆರಿಕಕ್ಕೆ ಹೋದವರು.

ಅವರು ಮಾಡಿದ್ದು ಏನು ಅಂತ ಅಳಿಯನ್ನ ಕೇಳಿದೆ. ಅವನು ನಮ್ಮ ಆಫೀಸಿನ ಭಾಷೆಯಲ್ಲೇ ಹೇಳಿದ: "ಮಾವ, ಮೊದಲು ಹೆಂಗಿತ್ತು ಅಂದ್ರೆ, ಪ್ರತಿ ಟಪಾಲನ್ನೂ ಸಾಹೇಬ್ರ ಟೇಬಲ್ಲಿಗೆ ತಗೊಂಡು ಹೋಗಿ ಕೇಳ್ಬೇಕಿತ್ತು. ಜುನಿಪರಿನವರು ಸಾಹೇಬ್ರ ಕೈಲಿ ಒಂದು ಪಟ್ಟಿ ಬರೆಸಿಕೊಂಡು ಟಪಾಲ್ ಸೆಕ್ಷನ್ನಿಗೆ ಕೊಟ್ಟುಬಿಟ್ರು. ಸಾಹೇಬ್ರು ಪಟ್ಟಿ ತಿದ್ದೋ ಕೆಲಸ ನೋಡ್ಕೋತಾರೆ, ಟಪಾಲು ತನ್ನ ಪಾಡಿಗೆ ಹೋಗ್ತಿರುತ್ತೆ." ವಿಳಾಸ ನೋಡೋ ಕೆಲಸಕ್ಕೆ ಅಂತಲೇ ಬೇರೆ ಚಿಪ್ ಮಾಡಿದ್ರು. 1998ರಲ್ಲಿ ಬಂದ ಅವರ ಎಂ40 ಯಂತ್ರದ ಚಿಪ್ಪು ಸೆಕೆಂಡಿಗೆ ಸುಮಾರು 4 ಕೋಟಿ ಲಕೋಟೆಗಳ ವಿಳಾಸ ನೋಡ್ತಿತ್ತು. ಸಿಸ್ಕೋ ಏನೂ ನಿದ್ದೆ ಮಾಡ್ತಿರಲಿಲ್ಲ, 1997ರಲ್ಲೇ ತನ್ನ 12000 ಸರಣಿ ತಂದಿತ್ತು. ಆದ್ರೂ 2001ರ ಹೊತ್ತಿಗೆ ಈ ದೊಡ್ಡ ಯಂತ್ರಗಳ ಮಾರುಕಟ್ಟೆಯಲ್ಲಿ ಸುಮಾರು ಮೂರನೇ ಒಂದು ಪಾಲು ಜುನಿಪರಿನದಾಯ್ತು. ಐದು ವರ್ಷದ ಕೂಸು.

ನೋಡಿದ್ರಾ, ಪ್ರತಿಭೆ ಗೆಲ್ತು ಅಂತ ನಮ್ಮ ಹಿರಿಯರು ಇಲ್ಲಿಗೆ ಕಥೆ ಮುಗಿಸ್ತಾರೆ. ನಾನು ಇಲ್ಲಿಂದ ಶುರು ಮಾಡ್ತೀನಿ.

ಮೊದಲನೇ ಪ್ರಶ್ನೆ. ಹೊಸ ಕಂಪನಿಯ ಯಂತ್ರ ಹಳೇ ಕಂಪನಿಯ ಯಂತ್ರದ ಜೊತೆ ಮಾತಾಡಿದ್ದು ಹೇಗೆ? ಸಿಸ್ಕೋ ಅಪ್ಪಣೆ ಬೇಕಿರಲಿಲ್ವಾ? ಬೇಕಿರಲಿಲ್ಲ. ಯಾಕಂದ್ರೆ ಈ ಯಂತ್ರಗಳು ಪರಸ್ಪರ ದಾರಿ ಹೇಳಿಕೊಳ್ಳೋ ನಿಯಮ ಯಾರ ಮನೆ ಆಸ್ತಿಯೂ ಅಲ್ಲ. ಬಿಜಿಪಿ ಅಂತ ಅದರ ಹೆಸರು. 1989ರಲ್ಲಿ ಒಂದು ಸಭೆಯ ಊಟದ ಹೊತ್ತಲ್ಲಿ ಸಿಸ್ಕೋದ ಒಬ್ಬರು, ಐಬಿಎಂನ ಒಬ್ಬರು ಕೂತು ಕೈ ಒರೆಸೋ ಕಾಗದದ ಮೇಲೆ ಅದರ ಮೊದಲ ಕರಡು ಬರೆದ್ರು. ಅದನ್ನ ಎಲ್ಲರೂ ಓದೋ ಹಾಗೆ ಪ್ರಕಟ ಮಾಡಿದ್ರು. ದುಡ್ಡಿಲ್ಲ, ಲೈಸೆನ್ಸಿಲ್ಲ, ಶಿಫಾರಸಿಲ್ಲ. ಓದೋಕೆ ಬಂದವನು ಓದಿ ಯಂತ್ರ ಮಾಡಬಹುದು. ಊಟದ ಹೊತ್ತಲ್ಲಿ ಒಳ್ಳೇ ಕೆಲಸವೂ ಆಗುತ್ತೆ ಅಂತ ನಮ್ಮ ಆಫೀಸಿನವರಿಗೆ ಗೊತ್ತಿರ್ಲಿ.

ಆ ನಿಯಮ ಒಂದು ಕಂಪನಿಯ ಗುಟ್ಟಾಗಿದ್ದಿದ್ರೆ? ಪ್ರದೀಪ್ ಸಿಂಧು ಎಷ್ಟೇ ಬುದ್ಧಿವಂತರಾಗಿದ್ರೂ ಅವರ ಯಂತ್ರ ಮೂಕ. ವೇದ ಕೇಳಿದ ಕಿವಿಗೆ ಕಾದ ಸೀಸ ಹುಯ್ಯಿ ಅಂತ ಬರೆದ ನಾಡಿನಿಂದ ಬಂದ ನಮಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಪುಸ್ತಕ ಮುಚ್ಚಿಟ್ಟು ಪರೀಕ್ಷೆ ಮಾಡೋದಕ್ಕೆ ಪೈಪೋಟಿ ಅನ್ನಲ್ಲ.

ಎರಡನೇ ಪ್ರಶ್ನೆ. ನಿಯಮ ತೆರೆದಿದ್ದರೆ ಸಾಕಾ? ಸಾಲದು. 1923ರಲ್ಲಿ ಮುಂಬಯಿ ಶಾಸನ ಮಂಡಳಿ ಬೋಳೆ ನಿರ್ಣಯ ಮಾಡಿ ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಅಂತ ಹೇಳಿತ್ತು. ಮಹಾಡ್ ಪುರಸಭೆ 1924ರಲ್ಲಿ ಚೌದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ತೀರ್ಮಾನ ಮಾಡ್ತು. ಕಾಗದದ ಮೇಲೆ ಕೆರೆ ತೆರೆದಿತ್ತು. ನೀರು ಕುಡಿಯೋಕೆ ಬಾಬಾಸಾಹೇಬರು 1927ರ ಮಾರ್ಚ್ 20ಕ್ಕೆ ಸಾವಿರಾರು ಜನರ ಜೊತೆ ನಡೆದುಕೊಂಡು ಹೋಗಬೇಕಾಯ್ತು. ಕುಡಿದು ಬಂದವರಿಗೆ ಏಟು ಬಿತ್ತು. ನಿಯಮ ಬರೆಯೋದೇ ಒಂದು ಕೆಲಸ, ಬಾಗಿಲು ದಾಟಿಸೋದೇ ಇನ್ನೊಂದು ಕೆಲಸ.

ಜುನಿಪರನ್ನ ಬಾಗಿಲು ದಾಟಿಸಿದ್ದು ಯಾರು? ಇದು ನನಗೆ ತುಂಬಾ ಇಷ್ಟವಾದ ಭಾಗ. 1997ರಲ್ಲಿ, ಅಂದ್ರೆ ಒಂದೇ ಒಂದು ಯಂತ್ರ ಮಾರೋಕೆ ಮುಂಚೆ, ಆ ಕಂಪನಿಗೆ 4 ಕೋಟಿ ಡಾಲರ್ ಹಣ ಹಾಕಿದವರಲ್ಲಿ ಎರಿಕ್ಸನ್, ನಾರ್ಟೆಲ್, 3ಕಾಂ ಥರದ ಟೆಲಿಕಾಂ ಯಂತ್ರ ಕಂಪನಿಗಳಿದ್ವು. ಯುಯುನೆಟ್ ಥರದ ಇಂಟರ್‌ನೆಟ್ ಸೇವೆ ಕೊಡೋ ಕಂಪನಿ, ಅಂದ್ರೆ ಗಿರಾಕಿಯೂ ಇತ್ತು. ಗಿರಾಕಿ ತಾನೇ ದುಡ್ಡು ಹಾಕಿ ಎರಡನೇ ಅಂಗಡಿ ಇಡಿಸ್ತಾನೆ. ಯಾಕೆ? ಧರ್ಮಕ್ಕಲ್ಲ. ಒಂದೇ ಅಂಗಡಿ ಇದ್ರೆ ಅವನು ಹೇಳಿದ್ದೇ ರೇಟು. ಅವನ ಯಂತ್ರದಲ್ಲಿ ಒಂದು ದೋಷ ಇದ್ರೆ ಇಡೀ ಜಾಲಕ್ಕೆ ಅದೇ ದೋಷ.

ಇಷ್ಟೇ ಅಲ್ಲ. ದೊಡ್ಡ ಟೆಲಿಕಾಂ ಕಂಪನಿಗಳು ಇವತ್ತಿಗೂ ಒಂದು ನೀತಿ ಇಟ್ಟುಕೊಂಡಿರ್ತಾವೆ. ಎಲ್ಲಾ ಯಂತ್ರ ಒಬ್ಬನ ಹತ್ರ ತಗೊಳ್ಳಲ್ಲ, ಬೇಕು ಅಂತಲೇ ಒಂದು ಪಾಲನ್ನ ಇನ್ನೊಬ್ಬನಿಗೆ ತೆಗೆದಿಡ್ತಾರೆ. ಮೊದಲನೆಯವನ ಯಂತ್ರ ಎಷ್ಟೇ ಚೆನ್ನಾಗಿದ್ರೂ ಸರಿ, ಎರಡನೆಯವನಿಗೆ ಅಂತ ಒಂದು ಪಾಲು ಮೀಸಲು. ನೆಟ್‌ವರ್ಕ್ ಭಾಷೆಯಲ್ಲಿ ಇದಕ್ಕೆ ಡ್ಯುಯಲ್ ವೆಂಡರ್ ಪಾಲಿಸಿ ಅಂತಾರೆ.

ನಮ್ಮ ಭಾಷೆಯಲ್ಲಿ ಇದಕ್ಕೆ ಏನಂತಾರೆ? ನೀವೇ ಹೇಳಿ.

ಆ ಮೀಸಲು ಪಾಲಿನಿಂದ ಮೊದಲನೆಯವನೂ ಹಾಳಾಗಲಿಲ್ಲ. ಸಿಸ್ಕೋ 2004ರಲ್ಲಿ ಸಿಆರ್‌ಎಸ್-1 ಅನ್ನೋ ದೈತ್ಯ ಯಂತ್ರ ತಂತು. ಜುನಿಪರ್ ಬೆನ್ನಿಗೆ ಬಿದ್ದಿರಲಿಲ್ಲ ಅಂದಿದ್ರೆ ಅಷ್ಟು ದುಡ್ಡು ಸುರಿದು ಅದನ್ನ ಮಾಡ್ತಿದ್ರಾ? ಎರಡನೆಯವನನ್ನ ಒಳಗೆ ಬಿಟ್ಟಾಗ ಮೊದಲನೆಯವನ ಗುಣಮಟ್ಟವೂ ಮೇಲಕ್ಕೇ ಹೋಯ್ತು. "ಮೀಸಲಾತಿಯಿಂದ ಗುಣಮಟ್ಟ ಬೀಳುತ್ತೆ" ಅನ್ನೋರು ಸ್ವಲ್ಪ ಯೋಚನೆ ಮಾಡಿ.

ಪ್ರತಿಭೆ ಇದ್ದೂ ಬಾಗಿಲು ಸಿಗದವರ ಕಥೆಯೂ ಇದೆ. ಅದನ್ನ ಯಾರೂ ವಾಟ್ಸಾಪಲ್ಲಿ ಕಳಿಸಲ್ಲ. ಪ್ಲೂರಿಸ್, ಅವಿಚಿ, ಪ್ರಾಕೆಟ್ ಅಂತ ಅದೇ ಕಾಲದಲ್ಲಿ ಹುಟ್ಟಿದ ಕಂಪನಿಗಳಿದ್ವು. ಪ್ರಾಕೆಟ್ ಶುರು ಮಾಡಿದವರಲ್ಲಿ ಸಿಸ್ಕೋ, ಜುನಿಪರ್ ಎರಡರಲ್ಲೂ ಕೆಲಸ ಮಾಡಿದ ಪಳಗಿದ ಎಂಜಿನಿಯರ್ ಇದ್ರು. 2001ರ ಹೊತ್ತಿಗೆ ಷೇರುಪೇಟೆ ಮುಗ್ಗರಿಸಿ ಟೆಲಿಕಾಂ ಕಂಪನಿಗಳು ಕೈ ಬಿಗಿ ಹಿಡಿದ್ವು. ಹೊಸಬರ ಯಂತ್ರ ಪರೀಕ್ಷೆ ಮಾಡೋಕೂ ಯಾರಿಗೂ ಪುರುಸೊತ್ತಿಲ್ಲ. ಪ್ಲೂರಿಸ್ 2002ರಲ್ಲಿ ಮುಚ್ತು. ಪ್ರಾಕೆಟ್‌ನ ಆಸ್ತಿಯನ್ನ 2004ರಲ್ಲಿ ಸಿಸ್ಕೋನೇ 8.9 ಕೋಟಿ ಡಾಲರಿಗೆ ತಗೊಂಡ್ತು. ಇವರೆಲ್ಲ ದಡ್ಡರಾ? ಅಲ್ಲ. ಇವರು ಬಂದಾಗ ಬಾಗಿಲು ಹಾಕಿತ್ತು, ಅಷ್ಟೆ.

ಈಗ ಭಾಷೆ ವಿಷಯಕ್ಕೆ ಬರೋಣ. ಈ ಯಂತ್ರಗಳಿಗೆ ಆಜ್ಞೆ ಕೊಡೋಕೆ ಒಂದು ಭಾಷೆ ಇದೆ. ಕೀಬೋರ್ಡಲ್ಲಿ ಟೈಪ್ ಮಾಡೋ ಸಣ್ಣ ಸಣ್ಣ ವಾಕ್ಯಗಳು. ಸಿಸ್ಕೋ ಮೊದಲು ಬಂದಿದ್ರಿಂದ ಲಕ್ಷಾಂತರ ಹುಡುಗರು ಕಲಿತಿದ್ದು ಅದರ ಭಾಷೆ. ಯಂತ್ರಗಳು ತಮ್ಮತಮ್ಮಲ್ಲಿ ಮಾತಾಡೋ ಭಾಷೆ ಎಲ್ಲರದ್ದು, ಆದ್ರೆ ಮನುಷ್ಯ ಯಂತ್ರಕ್ಕೆ ಹೇಳೋ ಭಾಷೆ ನಮ್ಮದು ಅಂತ ಕಂಪನಿ ಕೋರ್ಟಿಗೆ ಹೋಯ್ತು. 2003ರಲ್ಲಿ ಚೀನಾದ ಹುವಾವೇ ಮೇಲೆ ಕೇಸು ಹಾಕ್ತು. ನಮ್ಮ ಕೋಡು, ನಮ್ಮ ಆಜ್ಞೆಗಳು, ನಮ್ಮ ಕೈಪಿಡಿ ಕದ್ದಿದ್ದಾರೆ ಅಂತ ಆರೋಪ. ಹುವಾವೇ ಕೆಲವು ಬದಲಾವಣೆ ಒಪ್ಪಿಕೊಂಡು 2004ರಲ್ಲಿ ಆ ಕೇಸು ಮುಗೀತು. 2014ರಲ್ಲಿ ಅರಿಸ್ಟಾ ಅನ್ನೋ ಕಂಪನಿ ಮೇಲೆ ಇನ್ನೊಂದು ಕೇಸು. ಅದರ ಮುಖ್ಯಸ್ಥೆ ಜಯಶ್ರೀ ಉಲ್ಲಾಳ್, ಮೊದಲು ಸಿಸ್ಕೋದಲ್ಲೇ ದೊಡ್ಡ ಹುದ್ದೆಯಲ್ಲಿದ್ದವರು. ಈ ಆಜ್ಞೆಗಳು ಇಡೀ ಕಸುಬಿಗೇ ವಾಡಿಕೆಯಾಗಿಬಿಟ್ಟಿವೆ ಅನ್ನೋ ಅರಿಸ್ಟಾದ ವಾದವನ್ನ 2016ರಲ್ಲಿ ಜ್ಯೂರಿ ಒಪ್ತು. ಆದ್ರೆ ಪೇಟೆಂಟ್ ಜಗಳ ಸೇರಿ ಎಲ್ಲಾ ವ್ಯಾಜ್ಯ ಮುಗಿಸೋಕೆ 2018ರಲ್ಲಿ ಅರಿಸ್ಟಾ 40 ಕೋಟಿ ಡಾಲರ್ ಕೊಡಬೇಕಾಯ್ತು. ಯಾರ ಕಡೆ ನ್ಯಾಯ ಅಂತ ನಾನು ತೀರ್ಪು ಕೊಡ್ತಿಲ್ಲ. ಆನೆಯ ಎದುರು ಆಡೋಕೆ ಜಾಣತನದ ಜೊತೆಗೆ ಲಾಯರ್ ಫೀಸೂ ಬೇಕು ಅಂತ ಹೇಳ್ತಿದ್ದೀನಿ.

ಆ ಭಾಷೆಗೆ ಒಂದು ಸರ್ಟಿಫಿಕೇಟ್ ಇದೆ. ನನ್ನ ಅಳಿಯ ಬರೆದ ಸಿಸಿಎನ್‌ಎ ಪರೀಕ್ಷೆಗೆ 300 ಡಾಲರ್ ಶುಲ್ಕ. ರೂಪಾಯಿ ಲೆಕ್ಕದಲ್ಲಿ ಅವನ ಎರಡು ತಿಂಗಳ ಸಂಬಳ. ಅಕ್ಕ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದು ಕಟ್ಟಿದಳು. ಮೊದಲ ಸಲ ಫೇಲಾದ. ಫೋನಲ್ಲಿ ಅವನು ಅತ್ತಿದ್ದು ಮಾರ್ಕ್ಸಿಗಲ್ಲ. "ಮಾವ, ಅಮ್ಮನ ದುಡ್ಡು" ಅಂದ, ಅಷ್ಟೆ. ಎರಡನೇ ಸಲ ಪಾಸಾದ. ಅವನ ಜೊತೆ ಬರೆದ ಒಬ್ಬ ಹುಡುಗ ಮೂರು ಸಲ ಬರೆದ, ಅವರಪ್ಪನಿಗೆ ಅದು ದುಡ್ಡೇ ಅಲ್ಲ. ಇಬ್ಬರ ಸರ್ಟಿಫಿಕೇಟಿನಲ್ಲೂ ಒಂದೇ ಅಕ್ಷರ. ಇದಕ್ಕೂ ಪೈಪೋಟಿ ಅಂತಲೇ ಹೆಸರು.

ಇನ್ನು ನಮ್ಮ ಮೂಗಿನ ಕೆಳಗಿನ ವಿಷಯ. ಇಷ್ಟು ಹೊತ್ತು ಸಿಸ್ಕೋ ಬಗ್ಗೆ ಮಾತಾಡಿ ಇದನ್ನ ಬಿಟ್ರೆ ನಾನು ಸುಳ್ಳುಗಾರ ಆಗ್ತೀನಿ. 2020ರ ಜೂನಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರದ ಇಲಾಖೆಯೇ ಆ ಕಂಪನಿ ಮೇಲೆ ಜಾತಿ ತಾರತಮ್ಯದ ಕೇಸು ಹಾಕ್ತು. ಸ್ಯಾನ್ ಹೋಸೆಯ ಕಚೇರಿಯಲ್ಲಿದ್ದ ಒಬ್ಬ ದಲಿತ ಎಂಜಿನಿಯರ್‌ಗೆ ಭಾರತ ಮೂಲದ ಮೇಲಧಿಕಾರಿಗಳು ಅನ್ಯಾಯ ಮಾಡಿದ್ರು ಅಂತ ದೂರು. ಇವನು ಐಐಟಿಗೆ ಬಂದಿದ್ದು ಮೀಸಲಾತಿಯಲ್ಲಿ ಅಂತ ಸಹೋದ್ಯೋಗಿಗಳ ಹತ್ರ ಹೇಳಿದ್ರು, ದೂರು ಕೊಟ್ಟಾಗ ಕಂಪನಿಯೊಳಗೆ ಜಾತಿ ತಾರತಮ್ಯ ಕಾನೂನುಬಾಹಿರ ಅಲ್ಲ ಅನ್ನೋ ಉತ್ತರ ಬಂತು ಅಂತ ಆ ದೂರಿನಲ್ಲಿದೆ. ಕಂಪನಿ ಇದನ್ನ ನಿರಾಕರಿಸ್ತು. 2023ರಲ್ಲಿ ಆ ಇಬ್ಬರು ವ್ಯಕ್ತಿಗಳ ಮೇಲಿನ ಕೇಸನ್ನ ಇಲಾಖೆ ಹಿಂದಕ್ಕೆ ತಗೊಂಡು ಕಂಪನಿ ಮೇಲಿನದನ್ನ ಮುಂದುವರಿಸ್ತು. ಆದ್ರಿಂದ ಯಾರು ಅಪರಾಧಿ ಅಂತ ನಾನು ಹೇಳೋಕೆ ಹೋಗಲ್ಲ. ಆದ್ರೆ ಆ ದೂರು ಓದಿದ ಎಷ್ಟೋ ಜನ ನಮ್ಮವರಿಗೆ ಅದರಲ್ಲಿ ಹೊಸದು ಏನೂ ಕಾಣಲಿಲ್ಲ, ತಮ್ಮದೇ ಆಫೀಸು ಕಾಣ್ತು. ಅದೇ 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯ ನಿಷೇಧ ಮಾಡ್ತು. ಕ್ಯಾಲಿಫೋರ್ನಿಯಾದ ಮಸೂದೆ ಶಾಸನಸಭೆ ದಾಟಿದ್ರೂ ಅಲ್ಲಿನ ಗವರ್ನರ್, ಈಗಿರೋ ಕಾನೂನೇ ಸಾಕು ಅಂತ ಸಹಿ ಹಾಕಲಿಲ್ಲ.

ವಿಳಾಸ ಒಂದನ್ನೇ ನೋಡಿ ಲಕೋಟೆ ಮುಂದಕ್ಕೆ ಕಳಿಸೋ ಯಂತ್ರ ಮಾಡೋ ಕಸುಬು ಅದು. ಆ ಕಸುಬಿನ ಮನುಷ್ಯರಿಗೂ, ಎದುರಿಗೆ ಕೂತವನು ಯಾವ ಪಟ್ಟಿಯಲ್ಲಿ ಬಂದ ಅಂತ ತಿಳಿಯೋ ಚಪಲ ಬಿಡಲ್ಲ ಅಂದ್ರೆ, ಆ ಚಪಲ ಎಷ್ಟು ಹಳೇದು ನೋಡಿ.

ಈಗ ನಮ್ಮ ದೇಶಕ್ಕೆ ಬರೋಣ. ಇಲ್ಲೂ ಈ ಪೈಪೋಟಿ ನಡೀತಿದೆ. ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ 2000ದಲ್ಲಿ ಶುರುವಾಗಿ ಈಗ ಟಾಟಾ ಕೈಯಲ್ಲಿದೆ. 2023ರಲ್ಲಿ ಬಿಎಸ್‌ಎನ್‌ಎಲ್‌ನಿಂದ ಅದಕ್ಕೆ 13,000ಕ್ಕೂ ಹೆಚ್ಚು ರೂಟರ್ ಪೂರೈಸೋ ಸುಮಾರು 696 ಕೋಟಿ ರೂಪಾಯಿ ಗುತ್ತಿಗೆ ಸಿಕ್ತು. 2024ರ ಮಾರ್ಚಲ್ಲಿ ಬೆಂಗಳೂರಿನದೇ ನಿವೆಟ್ಟಿ ಸಿಸ್ಟಮ್ಸ್ ತಯಾರಿಸಿದ ಸೆಕೆಂಡಿಗೆ 2.4 ಟೆರಾಬಿಟ್ ಸಾಮರ್ಥ್ಯದ ಕೋರ್ ರೂಟರನ್ನ ಕೇಂದ್ರ ಸಚಿವರು ಬಂದು ಬಿಡುಗಡೆ ಮಾಡಿದ್ರು. ನನಗೆ ಖುಷಿ ಆಯ್ತು. ನಿಜವಾಗ್ಲೂ. ನಮ್ಮೂರಲ್ಲೇ ಮಾಡ್ತಾರಲ್ಲ ಅಂತ.

ಆದ್ರೆ ಇವರು ಬೆಳೆಯೋಕೆ ಸರ್ಕಾರ ಏನು ಮಾಡಿದೆ ನೋಡಿ. 2017ರ ಮೇಕ್ ಇನ್ ಇಂಡಿಯಾ ಖರೀದಿ ಆದೇಶ ಇದೆ. ದೇಶದೊಳಗಿನ ಅಂಶ ಶೇ 50 ಅಥವಾ ಹೆಚ್ಚಿರೋ ಪೂರೈಕೆದಾರನ ದರ, ಅತಿ ಕಡಿಮೆ ದರಕ್ಕಿಂತ ಶೇ 20ರವರೆಗೆ ಜಾಸ್ತಿ ಇದ್ರೂ, ಆ ಕಡಿಮೆ ದರಕ್ಕೆ ಇಳಿದು ಆರ್ಡರ್ ತಗೊಳ್ಳೋ ಅವಕಾಶ ಅವನಿಗಿದೆ. ಸ್ಟಾರ್ಟಪ್‌ಗಳಿಗೆ ಹಿಂದಿನ ಅನುಭವ, ಟರ್ನೋವರ್ ಷರತ್ತು ಸಡಿಲ ಮಾಡಬಹುದು ಅಂತ ನಿಯಮ ಇದೆ. 2021ರಿಂದ ಟೆಲಿಕಾಂ ಯಂತ್ರಗಳನ್ನ ಸರ್ಕಾರ ನಂಬಿಕಸ್ತ ಅಂತ ಒಪ್ಪಿದ ಮೂಲದಿಂದಲೇ ತಗೋಬೇಕು.

ಇದೆಲ್ಲಾ ತಪ್ಪಾ? ಅಲ್ಲ, ಸರಿಯಾದ ಕೆಲಸ. 40 ವರ್ಷದ ಆನೆ ಮುಂದೆ ಕರುವನ್ನ ನಿಲ್ಲಿಸಿ "ಗುದ್ದಾಡ್ಕೋ ಹೋಗು" ಅನ್ನೋದು ಪೈಪೋಟಿ ಅಲ್ಲ ಅಂತ ದೇಶಕ್ಕೆ ಅರ್ಥವಾಗಿದೆ. ನನ್ನ ಪ್ರಶ್ನೆ ಒಂದೇ. ದೇಶ ಕಂಪನಿಯೊಂದರ ಕೈ ಹಿಡಿದ್ರೆ ಅದು ಆತ್ಮನಿರ್ಭರತೆ. ನಮ್ಮ ಹುಡುಗನ ಕೈ ಹಿಡಿದ್ರೆ ಮಾತ್ರ ಅದು ಪ್ರತಿಭೆಗೆ ದ್ರೋಹ. ಇದು ಯಾವ ಲೆಕ್ಕ ಸ್ವಾಮಿ?

ಕೇಂದ್ರದ್ದೇ ಇನ್ನೊಂದು ನೀತಿ ಇದೆ, 2012ರದ್ದು. ಕೇಂದ್ರದ ಇಲಾಖೆಗಳು, ಉದ್ದಿಮೆಗಳು ತಮ್ಮ ಖರೀದಿಯಲ್ಲಿ ಶೇ 4ರಷ್ಟನ್ನ ಪರಿಶಿಷ್ಟ ಜಾತಿ, ಪಂಗಡದವರ ಸಣ್ಣ ಉದ್ಯಮಗಳಿಂದ ತಗೋಬೇಕು. ಇರೋದೇ ನಾಲ್ಕು. ಅದೂ ಮುಟ್ಟದೇ ಉಳಿದ ವರ್ಷಗಳೇ ಜಾಸ್ತಿ. ಚೌದಾರ್ ಕೆರೆ ಕಾಗದದ ಮೇಲೆ ಇನ್ನೂ ತೆರೆದೇ ಇದೆ.

ಒಂದು ಮಾತು ಒಪ್ಕೋತೀನಿ. ಕಂಪನಿಗೂ ಮನುಷ್ಯನಿಗೂ ಹೋಲಿಕೆ ಪೂರ್ತಿ ಸರಿಹೋಗಲ್ಲ. ಕಂಪನಿಗೆ ಹಸಿವಾಗಲ್ಲ, ಅವಮಾನ ಆಗಲ್ಲ. ಮುಚ್ಚಿದ್ರೆ ಮಾರ್ಕೊಂಡು ಇನ್ನೊಂದು ತೆಗೀತಾರೆ. ಜುನಿಪರ್ ಕಟ್ಟಿದವರೂ ಬಡವರಲ್ಲ. ದೊಡ್ಡ ದೊಡ್ಡ ಪ್ರಯೋಗಾಲಯದಿಂದ ಬಂದವರು. ಆದ್ರೆ ಅದೇ ನನ್ನ ವಾದ. ಐಐಟಿ ಓದು, ಅಮೆರಿಕದ ಬಂಡವಾಳ, ಹೊಸ ಚಿಪ್ಪು ಎಲ್ಲಾ ಇದ್ದವರಿಗೇ ತೆರೆದ ನಿಯಮ ಬೇಕಾಯ್ತು, ಮುಂಗಡ ದುಡ್ಡು ಬೇಕಾಯ್ತು, ಎರಡನೆಯವನಿಗೆ ಅಂತ ತೆಗೆದಿಟ್ಟ ಪಾಲು ಬೇಕಾಯ್ತು. ಏನೂ ಇಲ್ಲದವನಿಗೆ ಬೇಡ್ವಾ?

ಮತ್ತೆ ಬಾಗಿಲು ಒಂದು ಸಲ ತೆಗೆದ್ರೆ ಶಾಶ್ವತವಾಗಿ ತೆರೆದಿರುತ್ತೆ ಅಂತಲೂ ಅಂದ್ಕೋಬೇಡಿ. 2024ರ ಜನವರಿಯಲ್ಲಿ ಎಚ್‌ಪಿಇ ಕಂಪನಿ ಜುನಿಪರನ್ನ 1,400 ಕೋಟಿ ಡಾಲರಿಗೆ ಕೊಳ್ತೀನಿ ಅಂತ ಘೋಷಣೆ ಮಾಡ್ತು. ಆಫೀಸುಗಳ ವೈರ್‌ಲೆಸ್ ಯಂತ್ರಗಳಲ್ಲಿ ಪೈಪೋಟಿ ಕಡಿಮೆಯಾಗುತ್ತೆ ಅಂತ ಅಮೆರಿಕ ಸರ್ಕಾರದ ನ್ಯಾಯ ಇಲಾಖೆ 2025ರ ಜನವರಿಯಲ್ಲಿ ಕೋರ್ಟಿಗೆ ಹೋಯ್ತು. ಆಮೇಲೆ ಕೆಲವು ಷರತ್ತಿನ ಮೇಲೆ ರಾಜಿಯಾಗಿ, ಜುಲೈನಲ್ಲಿ ವ್ಯಾಪಾರ ಮುಗೀತು. ಬಂಡವಾಳದ ಸ್ವರ್ಗ ಅಂತಾರಲ್ಲ, ಆ ಅಮೆರಿಕದಲ್ಲೂ ಪೈಪೋಟಿ ಉಳಿಸೋಕೆ ಸರ್ಕಾರ ಕೋರ್ಟಿಗೆ ಹೋಗುತ್ತೆ. ಪೈಪೋಟಿ ಬೀದಿ ಬದಿ ಬೆಳೆಯೋ ಎಕ್ಕದ ಗಿಡ ಅಲ್ಲ. ನೀರು ಹಾಕಬೇಕು, ಬೇಲಿ ಕಟ್ಟಬೇಕು, ದನ ಬಂದ್ರೆ ಓಡಿಸಬೇಕು.

ಕೊನೆಗೆ ನನ್ನ ಟೇಬಲ್ ಮೇಲಿನ ಫೈಲ್ ವಿಷಯ. ನಾನು ನೌಕರ, ಇಲಾಖೆ ಹೆಸರು ಬರೆಯಲ್ಲ. ಟೆಂಡರ್ ಷರತ್ತುಗಳನ್ನ ಹಿಂದಿನ ಸಲದ್ದೇ ನಕಲು ಮಾಡಿದ್ರು. ತಾಂತ್ರಿಕ ವಿವರದಲ್ಲಿ ಒಂದೇ ಕಂಪನಿಯ ಮಾಡೆಲ್ ನಂಬರು. "ಅಥವಾ ತತ್ಸಮಾನ" ಅನ್ನೋ ಎರಡು ಪದ ಮಾಯ. ಕೆಳಗೆ ವರ್ಷಕ್ಕೆ ಇಷ್ಟು ಟರ್ನೋವರ್ ಇರಬೇಕು ಅನ್ನೋ ಷರತ್ತು, ಕೆಲಸದ ಮೊತ್ತಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಹಿಂದಿನ ಸಲ ನಮ್ಮ ಸಮುದಾಯದ ಒಬ್ಬ ಹುಡುಗ ಸಣ್ಣ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡವನು ನೀಲಿ ಫೈಲ್ ಹಿಡ್ಕೊಂಡು ಬಂದಿದ್ದ. ಅವನು ನನ್ನ ಕೇಳಿದ್ದು ನೆನಪಿದೆ: "ಸಾರ್, ಟರ್ನೋವರ್ ಇಲ್ಲ ಅಂತ ಕೆಲಸ ಕೊಡಲ್ಲ. ಕೆಲಸ ಕೊಡದೆ ಟರ್ನೋವರ್ ಎಲ್ಲಿಂದ ತರ್ಲಿ?" ಅವತ್ತು ನನ್ನ ಹತ್ರ ಉತ್ತರ ಇರಲಿಲ್ಲ. "ಮುಂದಿನ ಸಲ ನೋಡೋಣಪ್ಪ" ಅಂದೆ. ಗುಮಾಸ್ತರೆಲ್ಲಾ ಹೇಳೋ ಮಾತು ಅದು. ಹೇಳಿದ್ಮೇಲೆ ಅವತ್ತೆಲ್ಲಾ ನನಗೇ ನಾಚಿಕೆ ಆಗ್ತಿತ್ತು.

ಈ ಸಲ ಟಿಪ್ಪಣಿ ಹಾಳೆಯಲ್ಲಿ ಬರೆದೆ. ನಿರ್ದಿಷ್ಟ ಕಂಪನಿಯ ಹೆಸರು, ಮಾಡೆಲ್ ಕೈಬಿಟ್ಟು ಅಗತ್ಯವಿರುವ ಸಾಮರ್ಥ್ಯವನ್ನಷ್ಟೇ ನಮೂದಿಸಬಹುದು, ಟರ್ನೋವರ್ ಷರತ್ತನ್ನು ಕೆಲಸದ ಮೊತ್ತಕ್ಕೆ ಅನುಗುಣವಾಗಿ ಇಳಿಸಬಹುದು, ಸೂಕ್ತ ಆದೇಶಕ್ಕಾಗಿ ಮಂಡಿಸಿದೆ. ಮೂರು ಸಾಲು. ಹಸಿರು ಇಂಕಿನಲ್ಲಿ ಒಂದೇ ಪದ ಬರೆದು ಫೈಲ್ ವಾಪಸ್ ಬಂತು: "ಚರ್ಚಿಸಿ."

ಸರ್ಕಾರಿ ಆಫೀಸಲ್ಲಿ ಕೆಲಸ ಮಾಡೋರಿಗೆ ಈ ಪದದ ಅರ್ಥ ಗೊತ್ತು. ಫೈಲ್ ಬೀರು ಸೇರ್ಲಿ ಅಂತ. ನಾನು ಮಾತ್ರ ಆ ಪದವನ್ನ ಅಕ್ಷರಶಃ ತಗೊಂಡಿದ್ದೀನಿ. ಸೋಮವಾರ ಫೈಲ್ ಹಿಡ್ಕೊಂಡು ಸಾಹೇಬ್ರ ಚೇಂಬರಿಗೆ ಹೋಗ್ತೀನಿ. ಆ ಹಿರಿಯ ಸಹೋದ್ಯೋಗಿಗೂ ಊಟದ ಹೊತ್ತಲ್ಲಿ ಈ ರೂಟರ್ ಕಥೆ ಹೇಳ್ತೀನಿ.

ನೀವೂ ಒಂದು ಕೆಲಸ ಮಾಡಿ. ನಿಮ್ಮೂರಿನ ಪಂಚಾಯ್ತಿ, ಪುರಸಭೆ, ಕಾಲೇಜು, ಆಸ್ಪತ್ರೆ ಟೆಂಡರ್‌ಗಳನ್ನ ಓದಿ. ಒಂದೇ ಕಂಪನಿ ಹೆಸರು ಇದೆಯಾ, "ಅಥವಾ ತತ್ಸಮಾನ" ಇದೆಯಾ, ಟರ್ನೋವರ್ ಎಷ್ಟು ಕೇಳಿದ್ದಾರೆ, ಮೀಸಲು ಪಾಲು ಎಲ್ಲಿಗೆ ಹೋಯ್ತು ನೋಡಿ. ಗೊತ್ತಾಗದಿದ್ರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 10 ರೂಪಾಯಿ ಶುಲ್ಕ. ಬೀದಿಗಿಳಿದು ಹೋರಾಟ ಮಾಡೋದನ್ನ ನಾವು ಕಲ್ತಿದ್ದೀವಿ. ಷರತ್ತು ಓದೋದನ್ನೂ ಕಲೀಬೇಕು. ಈಗಿನ ಕೆರೆಗಳ ಬೀಗ ಇರೋದು ಅಲ್ಲೇ.

ಜೈ ಭೀಮ್.